ನಾನು ಡಿಫೆನ್ಸಿಗೆ ಇಳಿದ ಭಾನುವಾರ

ಫುಟ್‌ಬಾಲನ್ನು ನಾನು ಜೀವಮಾನದಲ್ಲಿ ಒಮ್ಮೆಯೂ ಆಡಿದವಳಲ್ಲ. ಆದ್ದರಿಂದಲೇ ಅದರ ಬಗ್ಗೆ ನನಗೆ ಬಹಳ ಸ್ಪಷ್ಟವಾದ ಅಭಿಪ್ರಾಯಗಳಿದ್ದವು.

ಈ ಅಭಿಪ್ರಾಯಗಳೆಲ್ಲ ಹುಟ್ಟಿ ಬೆಳೆದದ್ದು ಸ್ಯಾನ್ ರಮೋನಿನಲ್ಲಿ, ನಮ್ಮ ಮನೆಯ ಹತ್ತಿರದ ಪಾರ್ಕಿನ ಮೈದಾನದಂಚಿಗೆ ಹಾಕಿಕೊಂಡ ಮಡಿಸುವ ಕುರ್ಚಿಯ ಮೇಲೆ. ಪ್ರತಿ ಭಾನುವಾರ ಬೆಳಗ್ಗೆ ಹತ್ತಕ್ಕೆ ಅಲ್ಲಿ ‘ಸ್ಯಾನ್ ರಮೋನ್ ಹುಲಿಗಳು’ ಎಂಬ ತಂಡ ಸೋಲುತ್ತಿತ್ತು. ಆಡುತ್ತಿತ್ತು ಎಂದು ಬರೆಯಬೇಕಿತ್ತು. ಆದರೆ ನಾನು ಸುಳ್ಳು ಬರೆಯುವವಳಲ್ಲ.

ಸುತ್ತಮುತ್ತಲಿನ ಕನ್ನಡದವರೇ ಸೇರಿ ಕಟ್ಟಿಕೊಂಡ ತಂಡ ಅದು. ಕ್ಯಾಪ್ಟನ್ ನನ್ನ ಗಂಡ ಗಿರೀಶ್. ಗೋಲ್‌ಕೀಪರ್ ಡಾಕ್ಟರ್ ಪ್ರಸಾದ್. ಅವರು ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ವೈದ್ಯರು. ಅದರ ಪ್ರಭಾವ ಮೈದಾನದಲ್ಲೂ ಅವರ ಮೇಲೆ ಇರುತ್ತಿತ್ತೆಂದು ನನ್ನ ಅನುಮಾನ. ಗೋಲು ಹೊಡೆಯುವವಳು ದೀಪಾ, ತಂಡದಲ್ಲಿ ಆಟ ಬಲ್ಲ ಏಕೈಕ ವ್ಯಕ್ತಿ. ಮೈದಾನದಲ್ಲಿ ಸದಾ ಒಬ್ಬ ಹೆಂಗಸಾದರೂ ಇರಲೇಬೇಕು, ಇಲ್ಲದಿದ್ದರೆ ಪಂದ್ಯ ಬಿಟ್ಟುಕೊಟ್ಟಂತೆ ಎಂಬ ನಿಯಮವಿದ್ದದ್ದು ನಮ್ಮ ಪುಣ್ಯ. ಇಲ್ಲದಿದ್ದರೆ ನಮ್ಮವರು ಅವಳನ್ನೂ ಸೇರಿಸಿಕೊಳ್ಳುತ್ತಿರಲಿಲ್ಲ!

ಅವಳು ಪ್ರತಿ ಪಂದ್ಯದಲ್ಲೂ ಒಂದು ಗೋಲು ಹೊಡೆಯುತ್ತಿದ್ದಳು. ನಮ್ಮ ಡಿಫೆನ್ಸು ಆರು ಬಿಟ್ಟುಕೊಡುತ್ತಿತ್ತು.

ಡಿಫೆನ್ಸೆಂದರೆ ಶ್ರೀಕಾಂತ್ ಮತ್ತು ರಘು. ಇಬ್ಬರೂ ನಮ್ಮ ಮೈಸೂರಿನವರು, ಅತ್ಯಂತ ಸಭ್ಯರು. ಚೆಂಡು ಇಬ್ಬರ ನಡುವೆ ಬಂದಿತೆನ್ನಿ.

“ನೀವು ತಗೊಳ್ಳಿ ಸರ್,” ಎನ್ನುವರು ಶ್ರೀಕಾಂತ್.

“ಛೆ ಛೆ, ನೀವೇ ತಗೊಳ್ಳಿ ಸಾರ್, ನಿಮಗೇ ಹತ್ರ,” ಎನ್ನುವರು ರಘು.

ಅಷ್ಟರಲ್ಲಿ ಎದುರಾಳಿ ತಂಡದವನು ತೆಗೆದುಕೊಂಡಿರುತ್ತಿದ್ದ.

ಧಾರವಾಡದಿಂದ ನಾಲ್ಕು ತಿಂಗಳ ಮಟ್ಟಿಗೆ ಬಂದಿದ್ದ ನನ್ನ ಅತ್ತೆ ಮೊದಲ ಪಂದ್ಯವನ್ನು ಹತ್ತು ನಿಮಿಷ ನೋಡಿ ಕೇಳಿದರು: “ವೀಣಾ, ಇವ್ರು ಚೆಂಡ ಆಡ್ಲಿಕ್ಕೆ ಬಂದಾರೋ, ಬೀಗರನ್ನ ಕರೀಲಿಕ್ಕೆ ಬಂದಾರೋ?”

ನನ್ನಿಂದ ತಡೆಯಲಾಗುತ್ತಿರಲಿಲ್ಲ. ಕುರ್ಚಿಯಿಂದ ಎದ್ದು ನಿಂತು ಕೂಗುತ್ತಿದ್ದೆ: “ಅಡ್ಡ ಹೋಗ್ರೀ! ಅಡ್ಡ ಹೋಗ್ರೀ ಅಂದ್ರೆ!” ಹನ್ನೆರಡು ವರ್ಷದ ಮಗಳು ಅನಘಾ ನನ್ನ ಕುರ್ತಾ ಹಿಡಿದೆಳೆಯುತ್ತಿದ್ದಳು. “ಅಮ್ಮಾ, ಪ್ಲೀಸ್ ಸಿಟ್ ಡೌನ್! ಯೂ ಆರ್ ಸೋ ಲೌಡ್!”

ಇನ್ನು ನಾಯಕತ್ವದ ವಿಷಯ. ಗಿರೀಶ್ ತಂಡವನ್ನು ಆಫೀಸಿನಂತೆಯೇ ನಡೆಸುತ್ತಿದ್ದರು. ಪಂದ್ಯಕ್ಕೆ ಮುಂಚೆ ಒಂದು ಮೀಟಿಂಗು, ಪಂದ್ಯದ ನಂತರ ಒಂದು ಮೀಟಿಂಗು. ಏಳು ಗೋಲು ತಿಂದ ದಿನವೂ ಎಲ್ಲರನ್ನೂ ಸುತ್ತ ನಿಲ್ಲಿಸಿಕೊಂಡು ಚಪ್ಪಾಳೆ ತಟ್ಟಿ, “ಒಟ್ಟಾರೆ ಒಳ್ಳೇ ಪ್ರಯತ್ನ!” ಎನ್ನುತ್ತಿದ್ದರು. ಕೇಳಿ ನನ್ನ ಮೈಯೆಲ್ಲ ಉರಿಯುತ್ತಿತ್ತು. ನಾನು ಮೆನ್ಲೋ ಪಾರ್ಕಿನ ಆಫೀಸೊಂದರಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವವಳು. ಇನ್ನೊಬ್ಬರು ಮಾಡಿದ ಕೆಲಸದಲ್ಲಿ ತಪ್ಪು ಹುಡುಕುವುದೇ ನನ್ನ ಉದ್ಯೋಗ. ಆಫೀಸಿನಲ್ಲಿ ಅದಕ್ಕೆ ಸಂಬಳ ಕೊಡುತ್ತಾರೆ, ಮನೆಯಲ್ಲಿ ಸೇವಾರ್ಥ.

ಸತತ ಎಂಟನೆಯ ಸೋಲಿನ ನಂತರ ನನ್ನ ವೃತ್ತಿಧರ್ಮ ಜಾಗೃತವಾಯಿತು. ಊಟ ಮುಗಿಸಿ ಕುಳಿತು ಒಂದು ವರದಿ ಬರೆದೆ. ಶೀರ್ಷಿಕೆ: ‘ರಕ್ಷಣಾ ವೈಫಲ್ಯ ಮತ್ತು ನಾಯಕತ್ವದ ಕೊರತೆ: ಒಂದು ಅವಲೋಕನ.’ ಅದರಲ್ಲಿ ಬಾಣದ ಗುರುತು ಹಾಕಿದ ಚಿತ್ರಗಳಿದ್ದವು. ‘ಗೋಲ್‌ಕೀಪರಿಗೆ ಚೆಂಡನ್ನು ಹಿಂದಕ್ಕೆ ಕೊಟ್ಟು ಆಟ ನಿಯಂತ್ರಿಸುವ ಸರಳ ಉಪಾಯವೂ ಇವರಿಗೆ ತಿಳಿದಂತಿಲ್ಲ’ ಎಂಬ ಖಾರವಾದ ವಾಕ್ಯವಿತ್ತು. ‘ಕ್ಯಾಪ್ಟನ್ನರ ನಾಯಕತ್ವ ಟಾಸ್ ಹಾಕುವಾಗ ಮಾತ್ರ ಕಂಡುಬರುತ್ತದೆ’ ಎಂಬ ಇನ್ನೂ ಖಾರವಾದದ್ದಿತ್ತು.

ಇದನ್ನು ನಾನು ಕಳಿಸಬೇಕಿದ್ದದ್ದು ‘ಹುಲಿಗಳ ಬಂಧುಬಳಗ’ ಎಂಬ ಗ್ರೂಪಿಗೆ. ಅದು ನಮ್ಮಂಥ ನೊಂದ ಪ್ರೇಕ್ಷಕರ ಗ್ರೂಪು. ಕಳಿಸಿದ್ದು ‘ಹುಲಿಗಳು’ ಎಂಬ ಆಟಗಾರರ ಗ್ರೂಪಿಗೆ. ಪಂದ್ಯದ ದಿನ ಕಿತ್ತಳೆ ಹಣ್ಣು ತರುವ ಜವಾಬ್ದಾರಿ ನನ್ನದಾಗಿದ್ದರಿಂದ ನನ್ನನ್ನು ಅದರಲ್ಲೂ ಸೇರಿಸಿದ್ದರು!

ಗಾಬರಿಯಾಗಿ ತಕ್ಷಣ ಅಳಿಸಿದೆ. ಅಳಿಸುವ ಆತುರದಲ್ಲಿ ಒತ್ತಿದ್ದು, ನನ್ನ ಫೋನಿನಿಂದ ಮಾತ್ರ ಅಳಿಸುವ ಗುಂಡಿಯನ್ನು. ಈಗ ಆ ವರದಿ ಜಗತ್ತಿನಲ್ಲಿ ಎಲ್ಲರಿಗೂ ಕಾಣುತ್ತಿತ್ತು, ನನ್ನೊಬ್ಬಳನ್ನು ಬಿಟ್ಟು.

ಗರಾಜಿನಲ್ಲಿ ಶೂ ತೊಳೆಯುತ್ತಿದ್ದ ಗಿರೀಶ್ ನಿಧಾನವಾಗಿ ಒಳಗೆ ಬಂದರು. “ಟಾಸ್ ಹಾಕುವಾಗರೆ ಕಾಣಸ್ತದಲ್ಲ, ಅಷ್ಟಕ್ಕ ಥ್ಯಾಂಕ್ಸ್,” ಎಂದರು. ಅವರು ಬೇಸರವಾದಾಗ ಮಾತ್ರ ಧಾರವಾಡಕ್ಕೆ ಮರಳುತ್ತಾರೆ.

“ರೀ, ಅದು ನಿಮಗೆ ಅಂತ ಬರ್ದಿದ್ದಲ್ಲ...”

“ಮತ್ತ ಬ್ಯಾರೆ ಕ್ಯಾಪ್ಟನ್ ಯಾರಿದ್ದಾರ?”

ಸಂಜೆಯೊಳಗೆ ಅವರು ಗ್ರೂಪಿನಲ್ಲಿ ‘ಈ ಮೂಲಕ ತಮ್ಮೆಲ್ಲರಿಗೂ ತಿಳಿಯಪಡಿಸುವುದೇನೆಂದರೆ’ ಎಂದು ಆರಂಭವಾಗುವ ರಾಜೀನಾಮೆ ಹಾಕಿದರು. ಡಾಕ್ಟರ್ ಪ್ರಸಾದ್ ಕೂಡಲೇ ಬರೆದರು: ‘ಮೇಡಂ, ಇಷ್ಟೆಲ್ಲ ತಿಳ್ಕೊಂಡಿರೋರು ಹೊರಗೆ ಕೂತ್ರೆ ಹೇಗೆ? ನೀವೇ ಕ್ಯಾಪ್ಟನ್ ಆಗ್ಬಿಡಿ.’ ಎಲ್ಲರೂ ಹೆಬ್ಬೆರಳೆತ್ತಿದರು. ನಾನು ಅದನ್ನು ಗೌರವವೆಂದು ಭಾವಿಸಿದೆ. ಶಿಕ್ಷೆಯೆಂದು ತಿಳಿಯಲು ಒಂದು ವಾರ ಬೇಕಾಯಿತು.

ಕ್ಯಾಪ್ಟನ್ ಆದವರ ಹೆಸರು ಆಟಗಾರರ ಪಟ್ಟಿಯಲ್ಲಿ ಇರಬೇಕೆಂದು ನಾನೇ ಹಟ ಹಿಡಿದು ಬರೆಸಿದೆ. ಶನಿವಾರ ಅಭ್ಯಾಸಕ್ಕೆ ಕರೆದು ನನ್ನ ಮೊದಲ ಸುಧಾರಣೆಯನ್ನು ಘೋಷಿಸಿದೆ. “ಇನ್ಮೇಲೆ ‘ನೀವು ತಗೊಳ್ಳಿ’ ಅನ್ನೋ ಹಾಗಿಲ್ಲ. ಚೆಂಡು ಹತ್ರ ಬಂದ್ರೆ ‘ನಂದು!’ ಅಂತ ಕೂಗಿ ನುಗ್ಗಬೇಕು.”

ಶ್ರೀಕಾಂತ್ ಮುಖ ಸಣ್ಣದು ಮಾಡಿಕೊಂಡರು. “ಅದು ಸ್ವಲ್ಪ ಒರಟಾಗಲ್ವಾ ಮೇಡಂ?”

“ಒರಟಾಗ್ಲಿ ಅಂತಾನೇ ಹೇಳ್ತಿರೋದು!”

ಚೆಂಡನ್ನು ಇಬ್ಬರ ನಡುವೆ ಉರುಳಿಸಿದೆ. ಇಬ್ಬರೂ ವಿಧೇಯರು. ಇಬ್ಬರೂ “ನಂದು!” ಎಂದು ಕೂಗಿದರು. ಇಬ್ಬರೂ ನುಗ್ಗಿದರು. ತೆಂಗಿನಕಾಯಿ ಒಡೆದಂಥ ಸದ್ದಾಯಿತು. ಡಾಕ್ಟರ್ ಪ್ರಸಾದ್ ಐಸ್ ಹಿಡಿದುಕೊಂಡು ಓಡಿ ಬಂದರು. ಚೆಂಡು ಅದರ ಪಾಡಿಗೆ ಅದು ಗೋಲಿನೊಳಕ್ಕೆ ಹೋಯಿತು.

“ಆದ್ರೂ ಇಂಪ್ರೂವ್‌ಮೆಂಟ್ ಇದೆ,” ಎಂದೆ ನಾನು. ಮರದ ಕೆಳಗೆ ಕುಳಿತು ನೋಡುತ್ತಿದ್ದ ಗಿರೀಶ್ ಕೆಮ್ಮಿದರು.

ಮರುದಿನದ ಪಂದ್ಯ ಅರವತ್ತು ದಾಟಿದವರ ತಂಡವೊಂದರ ಜೊತೆಗಿತ್ತು. ಅವರೂ ನಮ್ಮ ಹಾಗೆಯೇ ಒಂದು ಪಂದ್ಯವನ್ನೂ ಗೆದ್ದವರಲ್ಲ. ಅವರ ಕ್ಯಾಪ್ಟನ್ ನ್ಯಾನ್ಸಿ ಎಂಬ ಎಪ್ಪತ್ತರ ಅಜ್ಜಿ. ಎರಡೂ ಮಂಡಿ ಆಪರೇಷನ್ ಮಾಡಿಸಿಕೊಂಡವರು. ಈ ಸಮಾಚಾರ ಸಿಕ್ಕಿದ ಕೂಡಲೇ ನಾನು ಬಂಧುಬಳಗಕ್ಕೆಲ್ಲ ತಿಳಿಸಿದೆ: ‘ನಾಳೆ ಗೆಲುವು ನಮ್ಮದೇ. ಎಲ್ಲರೂ ಬನ್ನಿ.’ ಈ ಬಾರಿ ಸರಿಯಾದ ಗ್ರೂಪಿಗೇ ಕಳಿಸಿದೆ. ಅತ್ತೆಗೆ ವಿಜಯೋತ್ಸವಕ್ಕೆಂದು ದೊಡ್ಡ ಪಾತ್ರೆಯಲ್ಲಿ ಶಿರಾ ಮಾಡಲು ಹೇಳಿದೆ.

ಭಾನುವಾರ ಎಂದೂ ಬಾರದವರೆಲ್ಲ ಬಂದಿದ್ದರು. ಎದುರಾಳಿಗಳು ಒಬ್ಬರನ್ನೊಬ್ಬರು ಹಿಡಿದುಕೊಂಡು ಮೈದಾನಕ್ಕಿಳಿದರು.

“ಅಯ್ಯ, ಇವ್ರು ನನ್ನ ವಾರಗೀಯವ್ರ ಇದ್ದಾರಲ್ಲ!” ಎಂದರು ಅತ್ತೆ. ನ್ಯಾನ್ಸಿಗೆ ಕೈಬೀಸಿದರು. ನ್ಯಾನ್ಸಿಯೂ ಕೈಬೀಸಿದರು. ಅಲ್ಲಿಂದ ಮುಂದೆ ಅತ್ತೆ ಯಾವ ತಂಡದ ಕಡೆಗಿದ್ದರೆಂದು ನನಗೆ ಖಚಿತವಾಗಲಿಲ್ಲ.

ಹತ್ತನೆಯ ನಿಮಿಷಕ್ಕೇ ದೀಪಾ ಗೋಲು ಹೊಡೆದಳು. ನಾವು ಮುಂದಿದ್ದೆವು! ಇಂಥದ್ದೊಂದು ಪರಿಸ್ಥಿತಿ ನಮಗೆ ಅಭ್ಯಾಸವಿರಲಿಲ್ಲವಾದ್ದರಿಂದ ಸ್ವಲ್ಪ ಹೊತ್ತು ಯಾರಿಗೂ ಏನು ಮಾಡಬೇಕೆಂದು ತೋಚಲಿಲ್ಲ. ಗಿರೀಶ್ ಮಾತ್ರ ನನ್ನತ್ತ ತಿರುಗಿ, ಹಣೆಗೆ ಕೈಯಿಟ್ಟು ಸೆಲ್ಯೂಟ್ ಹೊಡೆದರು. ನಾನು ಗಾಂಭೀರ್ಯದಿಂದ ಸ್ವೀಕರಿಸಿದೆ.

ಆಟದ ಮಧ್ಯಂತರ ಕಳೆದು ಸ್ವಲ್ಪ ಹೊತ್ತಾಗಿತ್ತು. ನ್ಯಾನ್ಸಿ ಚೆಂಡನ್ನು ಮೆಲ್ಲಗೆ ತಳ್ಳಿಕೊಂಡು ನಮ್ಮ ಗೋಲಿನ ಕಡೆಗೆ ಬಂದರು. ಅಜ್ಜಿ ಸಂತೆಗೆ ಹೊರಟ ವೇಗ. ಶ್ರೀಕಾಂತ್ ಬಲಕ್ಕೆ ಸರಿದರು, ರಘು ಎಡಕ್ಕೆ ಸರಿದರು, ನಡುವೆ ಅಗಲವಾದ ದಾರಿಯಾಯಿತು. ಗೋಲು!

“ಯಾಕ್ರೀ ಬಿಟ್ರಿ?” ಎಂದು ಕಿರುಚಿದೆ.

“ವಯಸ್ಸಾದವರು ಮೇಡಂ,” ಎಂದರು ಶ್ರೀಕಾಂತ್ ಹಣೆಯ ಬ್ಯಾಂಡೇಜು ಮುಟ್ಟಿಕೊಳ್ಳುತ್ತ. “ಅಡ್ಡ ಬರೋಕಾಗತ್ತಾ?”

ಒಂದು ಒಂದು. ಇನ್ನು ಹತ್ತೇ ನಿಮಿಷ. ಆಗ ದೀಪಾ ಕಾಲು ಉಳುಕಿಸಿಕೊಂಡು ಕುಸಿದಳು.

ರೆಫ್ರಿ ಪಟ್ಟಿ ನೋಡಿದ. ನಮ್ಮ ಪಟ್ಟಿಯಲ್ಲಿ ಇನ್ನೊಬ್ಬ ಹೆಂಗಸು ಯಾರೆಂದು ಕೇಳಿದ. ಹದಿನೈದು ಜೊತೆ ಕಣ್ಣುಗಳು ಮಡಿಸುವ ಕುರ್ಚಿಯತ್ತ ತಿರುಗಿದವು. ಕುರ್ಚಿಯಲ್ಲಿದ್ದವಳು ನಾನು.

ಕುರ್ತಾದ ಮೇಲೆಯೇ ದೀಪಾಳ ಜೆರ್ಸಿ ತೊಟ್ಟೆ. ಅತ್ತೆ ನನ್ನ ಕೂದಲನ್ನು ಬಿಗಿಯಾಗಿ ಗಂಟು ಕಟ್ಟಿ, “ಚೆಂಡ ಬಂದ್ರ ಹೆದರಬ್ಯಾಡ. ಅದರಾಗ ಗಾಳಿ ಬಿಟ್ಟು ಬ್ಯಾರೆ ಏನೂ ಇರೂದಿಲ್ಲ,” ಎಂದು ಧೈರ್ಯ ಹೇಳಿದರು. ಗಿರೀಶ್ ಹತ್ತಿರ ಬಂದು, “ವೀಣಾ, ನೀನು ಸುಮ್ನೆ ನಿಂತಿರು. ನಿಯಮಕ್ಕೆ ಅಷ್ಟು ಸಾಕು,” ಎಂದರು. ಇದು ಅತ್ಯಂತ ವಿವೇಕದ ಸಲಹೆಯಾಗಿತ್ತು. ಆದರೆ ಮಾಜಿ ಕ್ಯಾಪ್ಟನ್ನರ ಮಾತನ್ನು ಹಾಲಿ ಕ್ಯಾಪ್ಟನ್ ಕೇಳುವುದುಂಟೆ?

ಡಿಫೆನ್ಸಿಗೆ ಹೋಗಿ ನಿಂತೆ. ಕುರ್ಚಿಯಿಂದ ನೋಡುವಾಗ ಇಷ್ಟೇ ಇಷ್ಟಿದ್ದ ಮೈದಾನ ಒಳಗಿನಿಂದ ನೋಡಿದರೆ ನಾಲ್ಕು ಎಕರೆ ಕಾಣಿಸಿತು. ಎರಡು ಸಲ ಓಡಿದೆ. ಎರಡು ಸಲವೂ ನಾನು ತಲುಪುವಷ್ಟರಲ್ಲಿ ಚೆಂಡು ಬೇರೆ ಊರಿಗೆ ಹೋಗಿತ್ತು. ಅಷ್ಟಾದರೂ ತಲೆ ಮಾತ್ರ ನಾಯಕತ್ವ ಬಿಟ್ಟುಕೊಡಲಿಲ್ಲ. ಗೆರೆಯಾಚೆ ದೀಪಾ ನೋವಿನಿಂದ ಮುಖ ಹಿಂಡುತ್ತಿರುವುದು ಕಾಣಿಸಿತು. ಆಟ ಆ ತುದಿಯಲ್ಲಿ ನಡೆಯುತ್ತಿತ್ತು.

“ಡಾಕ್ಟ್ರೇ, ಚೆಂಡು ಆ ಕಡೆ ಇದೆ. ಒಂದ್ನಿಮಿಷ ಹೋಗಿ ಅವಳ ಕಾಲು ನೋಡ್ಬನ್ನಿ,” ಎಂದು ಅಪ್ಪಣೆ ಕೊಟ್ಟೆ.

“ಗೋಲು ಮೇಡಂ?”

“ನಾನಿದ್ದೀನಲ್ಲ!”

ಡಾಕ್ಟರು ಹೋದರು. ಅದೇ ಕ್ಷಣಕ್ಕೆ ಎದುರಾಳಿ ತಂಡದ ತಾತನೊಬ್ಬ ಜೋರಾಗಿ ಒದ್ದ ಚೆಂಡು ಮೈದಾನದುದ್ದಕ್ಕೂ ಉರುಳಿ ಬಂದು ನನ್ನ ಕಾಲ ಬಳಿಯೇ ನಿಂತಿತು. ಪಾಪದ ನಾಯಿಮರಿಯ ಹಾಗೆ! ಮೂವರು ಅಜ್ಜ ಅಜ್ಜಿಯರು ನನ್ನ ಕಡೆಗೆ ಬರತೊಡಗಿದರು. ಅವರು ಬರಲು ಸಾಕಷ್ಟು ಸಮಯ ಹಿಡಿಯುತ್ತಿತ್ತು. ನಾನು ಬೇಕಿದ್ದರೆ ಒಂದು ಲೋಟ ನೀರು ಕುಡಿದು ಬಂದು ಒದೆಯಬಹುದಿತ್ತು. ಆದರೆ ನನಗೆ ಹೊಳೆದದ್ದು ನನ್ನದೇ ವರದಿ. ಗೋಲ್‌ಕೀಪರಿಗೆ ಹಿಂದಕ್ಕೆ ಕೊಟ್ಟು ಆಟ ನಿಯಂತ್ರಿಸು!

ತಿರುಗಿದೆ. ಒದ್ದೆ. ಜೀವನದಲ್ಲಿ ಮೊದಲ ಬಾರಿಗೆ ಒದ್ದ ಚೆಂಡು ನೇರವಾಗಿ, ಸುಂದರವಾಗಿ, ನಾನು ಅಂದುಕೊಂಡ ಕಡೆಗೇ ಹೊರಟಿತು. ತಲೆಯೆತ್ತಿ ನೋಡಿದರೆ ಗೋಲಿನಲ್ಲಿ ಗೋಲ್‌ಕೀಪರ್ ಇರಲಿಲ್ಲ. ಅವರು ಗೆರೆಯಾಚೆ ದೀಪಾಳ ಹಿಮ್ಮಡಿ ಒತ್ತಿ, “ಇಲ್ಲಿ ನೋಯುತ್ತಾ?” ಎಂದು ಕೇಳುತ್ತಿದ್ದರು.

“ಹಿಡೀರೀ!” ಎಂದು ಅರಚಿದೆ.

ಶ್ರೀಕಾಂತ್ ಮತ್ತು ರಘು ಎರಡು ದಿಕ್ಕಿನಿಂದ ಚೆಂಡಿನ ಹಿಂದೆ ಓಡಿದರು. ತರಬೇತಿ ವ್ಯರ್ಥವಾಗಿರಲಿಲ್ಲ. “ನಂದು!” ಎಂದರು ಒಬ್ಬರು. “ನಂದು!” ಎಂದರು ಇನ್ನೊಬ್ಬರು. ಮತ್ತೊಮ್ಮೆ ತೆಂಗಿನಕಾಯಿ ಒಡೆಯಿತು. ಚೆಂಡು ಅವರಿಬ್ಬರನ್ನೂ ದಾಟಿ, ಗೋಲುಗಂಬಕ್ಕೆ ಒಮ್ಮೆ ತಾಗಿ, ಯೋಚಿಸಿ, ಒಳಗೆ ಹೋಯಿತು.

ರೆಫ್ರಿ ಸೀಟಿ ಊದಿದ. ಪಂದ್ಯ ಮುಗಿದಿತ್ತು.

ಭೂಮಿ ಬಾಯಿಬಿಡಲಿ ಎಂದು ನಾನು ಕಾಯುತ್ತಿರುವಾಗ ನ್ಯಾನ್ಸಿ ಬಂದು ನನ್ನನ್ನು ತಬ್ಬಿಕೊಂಡರು. ಅವರ ಕಣ್ಣಲ್ಲಿ ನೀರು. ತಂಡ ಕಟ್ಟಿದಂದಿನಿಂದ ಅವರಿಗೆ ಇದೇ ಮೊದಲ ಗೆಲುವಂತೆ. ಬೆಳ್ಳಿಕೂದಲಿನ ಹನ್ನೊಂದು ಜನ ನನ್ನ ಸುತ್ತ ಕೈಕೈ ಹಿಡಿದು ಕುಣಿದರು. ಅಂಥ ಸಂತೋಷವನ್ನು ಆ ಮೈದಾನದಲ್ಲಿ ನಾನು ಒಂದು ದಿನವೂ ನೋಡಿರಲಿಲ್ಲ. ಒಂದೆರಡು ಸುತ್ತು ನಾನೂ ಕುಣಿದೆನೆಂದು ಆಮೇಲೆ ವಿಡಿಯೋದಲ್ಲಿ ತಿಳಿಯಿತು.

ನಮ್ಮವರತ್ತ ಅಳುಕುತ್ತ ತಿರುಗಿದೆ. ಗಿರೀಶ್ ಹುಲ್ಲಿನ ಮೇಲೆ ಅಂಗಾತ ಮಲಗಿದ್ದರು. ಆಘಾತವಾಯಿತೇನೋ ಎಂದು ಓಡಿದೆ. ನಗುತ್ತಿದ್ದರು! ನಗು ತಡೆಯಲಾರದೆ ಹೊಟ್ಟೆ ಹಿಡಿದುಕೊಂಡಿದ್ದರು. ಶ್ರೀಕಾಂತ್ ನಗುತ್ತಿದ್ದರು, ರಘು ನಗುತ್ತಿದ್ದರು, ದೀಪಾ ಉಳುಕಿದ ಕಾಲನ್ನೂ ಮರೆತು ನಗುತ್ತಿದ್ದಳು. ಗಿರೀಶ್ ಎದ್ದು, ಕಣ್ಣೊರೆಸಿಕೊಂಡು, ಎಲ್ಲರನ್ನೂ ಸುತ್ತ ನಿಲ್ಲಿಸಿ ಚಪ್ಪಾಳೆ ತಟ್ಟಿದರು. “ಒಟ್ಟಾರೆ ಒಳ್ಳೇ ಪ್ರಯತ್ನ!” ಎಂದರು. ಆ ಮಾತು ಅಷ್ಟೊಂದು ಹಿತವಾಗಿರಬಹುದೆಂದು ನನಗೆ ಗೊತ್ತೇ ಇರಲಿಲ್ಲ. ಕ್ಯಾಪ್ಟನ್ ಪದವಿಯನ್ನು ಅಲ್ಲೇ, ಬೆವರು ಆರುವ ಮುಂಚೆಯೇ ಅವರಿಗೆ ಹಿಂತಿರುಗಿಸಿದೆ.

ಶಿರಾ ಹೇಗೂ ಇತ್ತು. ಎರಡೂ ತಂಡದವರು ಹುಲ್ಲಿನ ಮೇಲೆ ಕುಳಿತು ತಿಂದರು. ಅತ್ತೆ ನ್ಯಾನ್ಸಿಗೆ ಧಾರವಾಡದ ಕನ್ನಡದಲ್ಲಿ ಶಿರಾ ಮಾಡುವ ಬಗೆ ವಿವರಿಸಿದರು. ನ್ಯಾನ್ಸಿ ತಲೆಯಾಡಿಸುತ್ತ ಎರಡನೆಯ ಸಲ ಹಾಕಿಸಿಕೊಂಡರು. ಹೊರಡುವ ಮುಂಚೆ ಅವರು ತಮ್ಮ ಚೀಲದಿಂದ ಒಂದು ಅರ್ಜಿ ತೆಗೆದು ನನ್ನ ಕೈಗಿತ್ತರು. ಮುಂದಿನ ಸೀಸನ್ನಿಗೆ ಅವರ ತಂಡದಲ್ಲಿ ಒಂದು ಜಾಗ ಖಾಲಿಯಿದೆಯಂತೆ. ನನ್ನ ಆಟ ಎಲ್ಲರಿಗೂ ತುಂಬ ಇಷ್ಟವಾಗಿದೆಯಂತೆ. ಅರವತ್ತು ತುಂಬಿರಬೇಕು ಎನ್ನುವುದೊಂದೇ ಷರತ್ತು. ನನಗೆ ಆ ತೊಂದರೆಯೇನೂ ಇಲ್ಲವಲ್ಲ ಎಂದು ಬೆನ್ನು ತಟ್ಟಿದರು.

ನನಗೆ ನಲವತ್ನಾಲ್ಕು.

“ಏನಂತಾಳ ಆಕಿ?” ಎಂದು ಅತ್ತೆ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅನಘಾ ಎದ್ದು ನಿಂತಳು. ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ, ಇಡೀ ಮೈದಾನಕ್ಕೆ ಕೇಳುವಂತೆ, ಒಂದೂ ತಪ್ಪಿಲ್ಲದ ಕನ್ನಡದಲ್ಲಿ ಹೇಳಿದಳು: “ಅಜ್ಜೀ, ಅಮ್ಮಂಗೆ ಅರವತ್ತು ವರ್ಷ ಆಗಿದೆಯಂತೆ!”

ಅರ್ಜಿಯನ್ನು ಹರಿದು ಹಾಕಬೇಕೆಂದುಕೊಂಡೆ. ಹಾಕಲಿಲ್ಲ, ಮಡಿಸಿ ಪರ್ಸಿನಲ್ಲಿಟ್ಟುಕೊಂಡೆ. ಎಷ್ಟಾದರೂ, ನನ್ನ ಆಟ ನೋಡಿ ನನ್ನನ್ನು ಕರೆದಿರುವ ತಂಡ ಅದೊಂದೇ.