ಖಾದರ್ ಸಾಬರ ಹಲ್ಲು ಮತ್ತು ನನ್ನ ಎಂ.ಟೆಕ್

'ಸಹಯೋಗ' ಎಂದು ಯಾರಾದರೂ ಮೈಕಿನ ಮುಂದೆ ಅಂದರೆ ಸಾಕು, ನನ್ನ ಮೂಗಿಗೆ ತೌಡಿನ ವಾಸನೆ ಬಡಿಯುತ್ತದೆ. ನಾನು ಎಂ.ಟೆಕ್ ಓದುತ್ತಿದ್ದದ್ದು ಎಂಬತ್ತರ ದಶಕದ ಮೊದಮೊದಲಲ್ಲಿ. ವಿಶ್ವವಿದ್ಯಾಲಯಕ್ಕೂ ಉದ್ಯಮಕ್ಕೂ ಸಹಯೋಗ ಆಗಲೇಬೇಕೆಂದು ಆಗ ಮೇಲಿನಿಂದ ಸುತ್ತೋಲೆ ಬಂತು. ಅಂದರೆ ಪ್ರತಿ ವಿದ್ಯಾರ್ಥಿಯೂ ಒಂದು ಕಾರ್ಖಾನೆ ಹಿಡಿದು, ಅದರ ಕಷ್ಟ ಪರಿಹರಿಸಿ, ಪ್ರಬಂಧ ಬರೆಯಬೇಕು. ಕಷ್ಟವೇ ಇಲ್ಲದ ಕಾರ್ಖಾನೆ ಸಿಕ್ಕರೆ ಏನು ಮಾಡಬೇಕೆಂದು ಸುತ್ತೋಲೆಯಲ್ಲಿ ಇರಲಿಲ್ಲ. ಆಯಕಟ್ಟಿನ ಜಾಗದಲ್ಲಿ ಮಾವಂದಿರಿದ್ದ ಗೆಳೆಯರು ಬೆಂಗಳೂರಿನ ದೊಡ್ಡ ದೊಡ್ಡ ಕಾರ್ಖಾನೆಗಳನ್ನು ಹಿಡಿದರು. ಸಿಂಗಟಗೆರೆಯವನಾದ ನನಗಿದ್ದ ಒಬ್ಬನೇ ಮಾವ ಕಡೂರಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ. ಅವನ ದಯೆಯಿಂದ ತರೀಕೆರೆಯ ಒಂದು ಅಕ್ಕಿ ಗಿರಣಿ ಸಿಕ್ಕಿತು. ವಿಶ್ವವಿದ್ಯಾಲಯ ಗಿರಣಿಗೆ ವಿಜ್ಞಾನ ಕೊಡುವುದು, ಗಿರಣಿ ನನಗೆ ಮಧ್ಯಾಹ್ನದ ಊಟ ಕೊಡುವುದು ಎಂದು ಒಪ್ಪಂದವಾಯಿತು.

ಗಿರಣಿಯ ಮೇಸ್ತ್ರಿ ಖಾದರ್ ಸಾಬರು. ಲಕ್ಕವಳ್ಳಿ ಕಡೆಯಿಂದ ಬಂದ ಭತ್ತವನ್ನು ಅಂಗಳದಲ್ಲಿ ಒಣಹಾಕಿದಾಗ ಅವರು ನಾಲ್ಕು ಕಾಳು ಆರಿಸಿ ಹಲ್ಲಿನ ನಡುವೆ ಕಟಕ್ಕೆನ್ನಿಸುವರು. "ಇನ್ನೊಂದ್ ಗಳಿಗೆ ಬಿಸ್ಲು ಕಾಯ್ಲಿ" ಎಂದರೆ ಕಾಯಬೇಕು, "ಹದ ಬಂತು, ಎತ್ರೋ" ಎಂದರೆ ಎತ್ತಬೇಕು. ಹೆಚ್ಚುಕಮ್ಮಿಯಾದರೆ ಅಕ್ಕಿಯೆಲ್ಲ ನುಚ್ಚು. ಈ ಅವೈಜ್ಞಾನಿಕ ಹಲ್ಲಿನ ಜಾಗದಲ್ಲಿ ತೇವ ಅಳೆಯುವ ಮೀಟರು ತರುವುದೇ ನನ್ನ ಸಂಶೋಧನೆ. ಕಾಲೇಜಿನ ಆ ಮೀಟರನ್ನು ಕೂಸಿನ ಹಾಗೆ ಜೋಪಾನ ಮಾಡಿ, ಬಸ್ಸಿನಲ್ಲಿ ಪಕ್ಕದ ಸೀಟಿನ ಮೇಲೆ ಕೂರಿಸಿಕೊಂಡು ಹೊರಟಿದ್ದೆ. ಬೀರೂರಿನಲ್ಲಿ ಒಬ್ಬಾಕೆ ಸೀಟು ಹಿಡಿಯಲು ಬಂದಳು. ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವುದು ನಮ್ಮ ಕಡೆಯ ವಾಡಿಕೆ. ಆಯಮ್ಮನ ಹತ್ತಿರ ಟವೆಲ್ ಇರಲಿಲ್ಲ, ಕುಂಬಳಕಾಯಿ ಇತ್ತು.

ಅಲ್ಲಿಂದಾಚೆ ಮೀಟರಿನ ಮುಳ್ಳು ಬೆಳಿಗ್ಗೆ ಒಂದು ಮಾತು, ಸಂಜೆ ಒಂದು ಮಾತು ಆಡತೊಡಗಿತು. ನನ್ನ ಗೈಡ್ ಆಗಿದ್ದ ಪ್ರೊಫೆಸರಿಗೆ ಹೇಳಿದರೆ, ಇನ್ನೊಂದು ಮೀಟರು ಬರುವಷ್ಟರಲ್ಲಿ ಒಂದು ವರ್ಷ ಹೋಯಿತು ಅಂತಲೇ. ಊರಲ್ಲಿ ನಮ್ಮಪ್ಪ ಆಗಲೇ ನನ್ನನ್ನು ಎಂ.ಟೆಕ್ ಮಾಡಿ ಮುಗಿಸಿಬಿಟ್ಟಿದ್ದರು. ಮೀಟರಿನ ಬೆನ್ನಿಗೆ ಒಂದು ತಿರುಪು ಇತ್ತು. ದಿನಾ ಬೆಳಿಗ್ಗೆ ಖಾದರ್ ಸಾಬರು ಮೊದಲ ರಾಶಿಗೆ "ಹದ ಬಂತು" ಅಂದ ತಕ್ಷಣ ಗೋಡೆಯ ಮರೆಗೆ ಹೋಗಿ, ಅದೇ ಕಾಳು ಹಾಕಿ, ಮುಳ್ಳು ಹದದ ಗೆರೆಗೆ ಬರುವ ತನಕ ತಿರುಪು ತಿರುಗಿಸುತ್ತಿದ್ದೆ. ಮೂರು ತಿಂಗಳು ಹಲ್ಲಿಗೂ ಮುಳ್ಳಿಗೂ ಒಂದು ದಿನವೂ ಭಿನ್ನಾಭಿಪ್ರಾಯ ಬರಲಿಲ್ಲ. ಗಂಡಹೆಂಡಿರಲ್ಲೂ ಅಷ್ಟು ಹೊಂದಾಣಿಕೆ ನಾನು ಕಂಡಿಲ್ಲ.

ಪ್ರೊಫೆಸರು ತಪಾಸಣೆಗೆ ಬಂದ ದಿನ ಗಿರಣಿ ಯಜಮಾನರಾದ ರುದ್ರಪ್ಪನವರು ಖಾರಾ ಮಂಡಕ್ಕಿ, ಚಹಾ ತರಿಸಿದರು. ನನ್ನ ಅಂಕಿಗಳನ್ನು ನೋಡಿ ಪ್ರೊಫೆಸರು ಹಿಗ್ಗಿಹೋದರು. ರುದ್ರಪ್ಪನವರು ಮೀಟರನ್ನು ಕೈಯಲ್ಲಿ ಹಿಡಿದು, "ಹಂಗಾದ್ರೆ ಈ ಡಬ್ಬಿ ಖಾದರ್ ಸಾಬ್ರಷ್ಟೇ ಕರೆಕ್ಟು ಅನ್ನಿ. ಬರೋ ತಿಂಗ್ಳಿಂದ ಅವ್ರು ಮನೇಲಿ ಆರಾಮಾಗಿರ್ಲಿ ಬಿಡಿ" ಅಂದುಬಿಟ್ಟರು. "ಸಹಯೋಗದ ಫಲ ಅಂದ್ರೆ ಇದೇ ನೋಡಿ" ಎಂದರು ಪ್ರೊಫೆಸರು. ಬಾಯಿ ಬಿಟ್ಟರೆ ನನ್ನ ಎಂ.ಟೆಕ್ ಹೋಗುತ್ತದೆ, ಬಿಡದಿದ್ದರೆ ಆ ಮನುಷ್ಯನ ಅನ್ನ ಹೋಗುತ್ತದೆ. ನಾನೇನು ಮಾಡಿದೆ ಅಂತೀರಿ? ಇನ್ನೊಂದು ಹಿಡಿ ಮಂಡಕ್ಕಿ ಬಾಯಿಗೆ ಹಾಕಿಕೊಂಡೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಬಾಗಿಲಲ್ಲಿ ನಿಂತಿದ್ದ ಖಾದರ್ ಸಾಬರೇ ಮಾತಾಡಿದರು. "ಡಬ್ಬಿ ಚೆನ್ನಾಗೈತೆ ಯಜಮಾನ್ರೇ. ಆದ್ರೆ ದಿನಾ ಬೆಳಿಗ್ಗೆ ನನ್ ಹಲ್ಲು ಕೇಳ್ಕಂಡು ಅದ್ರ ತಿರುಪು ತಿರುಗಿಸ್ಬೇಕು. ಈ ಹುಡುಗ ದಿನಾ ಹಂಗೇ ಮಾಡ್ತಿದ್ದ, ನಾನೇ ನೋಡೀನಿ." ನನ್ನ ಕಥೆ ಮುಗಿಯಿತು ಅಂದುಕೊಂಡೆ. ಪ್ರೊಫೆಸರು ಕನ್ನಡಕ ತೆಗೆದು ಒರೆಸಿ, ನನ್ನ ಕಡೆ ತಿರುಗಿ, "ದಿನಾ ಕ್ಯಾಲಿಬ್ರೇಷನ್ ಮಾಡಿದ್ದೀಯಾ? ಇಷ್ಟು ಶಿಸ್ತು ಯಾರು ಪಾಲಿಸ್ತಾರಯ್ಯಾ? ಇದನ್ನ ಯಾಕೆ ಬರೆದಿಲ್ಲ?" ಎಂದು ಗದರಿದರು. ಪ್ರಬಂಧಕ್ಕೆ 'ಉದ್ಯಮದ ಪಾರಂಪರಿಕ ಮಾನದಂಡ' ಎಂಬ ಹೊಸ ಅಧ್ಯಾಯ ಸೇರಿತು. ನನಗೆ ಪ್ರಥಮ ದರ್ಜೆ ಬಂತು. ದಿನಾ ಬೆಳಿಗ್ಗೆ ಹಲ್ಲು ಬೇಕೇ ಬೇಕು ಅಂದಮೇಲೆ ರುದ್ರಪ್ಪನವರೂ ಖಾದರ್ ಸಾಬರನ್ನು ಬಿಡಿಸುವ ಮಾತು ಎತ್ತಲಿಲ್ಲ.

ರಟ್ಟು ಕಟ್ಟಿಸಿದ ಪ್ರಬಂಧವನ್ನು ಗಿರಣಿಗೆ ಕೊಡಲು ಹೋದೆ. ಖಾದರ್ ಸಾಬರು ಪಂಚೆಗೆ ಕೈ ಒರೆಸಿಕೊಂಡು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಅವರಿಗೆ ಉರ್ದು ಓದಲು ಬರುತ್ತಿತ್ತು, ಇಂಗ್ಲಿಷ್ ಬರುತ್ತಿರಲಿಲ್ಲ. "ಇದ್ರಾಗೆ ನನ್ ಹೆಸ್ರು ಎಲ್ಲೈತಪ್ಪಾ?" ಎಂದು ಕೇಳಿದರು. ನಾನು ಹಾಳೆ ತಿರುವಿದೆ. ಕೃತಜ್ಞತೆಯ ಪುಟದಲ್ಲಿ ಕುಲಪತಿಗಳಿದ್ದರು, ಪ್ರೊಫೆಸರಿದ್ದರು, ರುದ್ರಪ್ಪನವರಿದ್ದರು, ಗೊಬ್ಬರದ ಮಾವ ಇದ್ದ, ಟೈಪು ಮಾಡಿದವನೂ ಇದ್ದ. ಬೇರೆ ದಾರಿ ಕಾಣದೆ, ರಟ್ಟಿನ ಮೇಲೆ ಚಿನ್ನದ ಅಕ್ಷರದಲ್ಲಿದ್ದ ನನ್ನ ಹೆಸರಿನ ಮೇಲೆ ಬೆರಳಿಟ್ಟು, "ಇಲ್ಲೇ ಐತಲ್ಲ ಸಾಬ್ರೇ" ಎಂದೆ.

ಅವರು ಆ ಅಕ್ಷರಗಳನ್ನು ಎರಡು ಸಲ ಸವರಿದರು. "ಇಷ್ಟ್ ದೊಡ್ಡದಾಗಿ ಯಾಕೆ ಹಾಕಿಸ್ದೆ? ಒಳಗೆಲ್ಲಾದ್ರೂ ಸಣ್ಣದಾಗಿ ನಿಂದೂ ಹಾಕಿಸ್ಕಂಡಿದ್ದೀಯಾ ತಾನೇ?" ಎಂದರು.