ಕ್ಯಾಪ್ಟನ್ನನ ಎಣ್ಣೆಸ್ನಾನ

ಇದನ್ನು ಹೇಳಬೇಕು, ಹೇಳಬೇಕು ಎಂದುಕೊಂಡೇ ಬಹಳ ದಿನ ತಳ್ಳಿದೆ. ಸಂಜೆ ಕಟ್ಟೆಯ ಮೇಲೆ ಕೂತ ಗೆಳೆಯರ ಮುಂದೆ ಒಂದೆರಡು ಸಲ ಬಾಯಿ ತೆರೆದದ್ದೂ ಉಂಟು. ಆದರೆ ತೆರೆದ ಬಾಯಿಗೆ ಎಲೆಯಡಿಕೆಯ ಕವಳ ತುಂಬಿಕೊಂಡು ಸುಮ್ಮನಾದೆ. ಹಳೆಯ ತಪ್ಪುಗಳನ್ನು ಹೇಳಿಕೊಳ್ಳುವುದಕ್ಕೆ ಧೈರ್ಯ ಬೇಕಾಗಿಲ್ಲ. ಹುಡುಗನಾಗಿದ್ದಾಗ ಯಾರದೋ ಮರದ ಎಳನೀರು ಕದ್ದದ್ದು ಈಗ ತಪ್ಪಾಗಿ ಉಳಿದಿಲ್ಲ, ಕಥೆಯಾಗಿದೆ; ಕೇಳಿದವರು ನಕ್ಕು ಚಹಾ ಕೊಡಿಸುತ್ತಾರೆ. ತಪ್ಪೂ ಉಪ್ಪಿನಕಾಯಿಯ ಹಾಗೆಯೇ, ಭರಣಿಯಲ್ಲಿ ಕೂತಷ್ಟೂ ರುಚಿ. ನನ್ನ ಈ ತಪ್ಪು ಭರಣಿಗೆ ಬಿದ್ದು ಹೆಚ್ಚು ಕಾಲವಾಗಿಲ್ಲ. ಇನ್ನೂ ಒಗರು ಬಿಟ್ಟಿಲ್ಲ.

ನಾನು ಅಘನಾಶಿನಿ ಹೊಳೆಯ ದಡದ ಕಾಗಾಲದವನು. ಹೈಸ್ಕೂಲು ಮುಗಿಸಿ ಕುಮಟೆಯ ಒಂದು ಬಟ್ಟೆ ಅಂಗಡಿ ಸೇರಿ, ಕೂದಲು ಬೆಳ್ಳಗಾಗುವವರೆಗೂ ಅಲ್ಲಿಯೇ ಬಟ್ಟೆ ಅಳೆದವನು. ಆ ಉದ್ಯೋಗ ನನಗೆ ಕಲಿಸಿದ ಮುಖ್ಯ ವಿದ್ಯೆ ಎಂದರೆ 'ಬಣ್ಣ ಹೋಗೂದಿಲ್ಲ' ಎಂಬ ಮಾತನ್ನು ಕಣ್ಣು ಮಿಟುಕಿಸದೆ ಹೇಳುವುದು. ಎರಡು ಒಗೆತಕ್ಕೆ ಬೆಳ್ಳಗಾದ ಸೀರೆಯನ್ನು ಹಿಡಿದು ಜಗಳಕ್ಕೆ ಬಂದವರಿಗೂ, "ಬಣ್ಣ ಹೋದದ್ದಲ್ಲ ತಂಗೀ, ಬಟ್ಟೆ ಈಗ ಮೈಗೆ ಹೊಂದಿಕೊಳ್ತಾ ಉಂಟು" ಎಂದು ಹೇಳಿ ಇನ್ನೊಂದು ಸೀರೆ ತೋರಿಸುತ್ತಿದ್ದೆ. ನಿವೃತ್ತನಾಗಿ ಮನೆಗೆ ಬರುವಾಗ ಗಜಕೋಲನ್ನು ಅಂಗಡಿಯಲ್ಲಿಯೇ ಬಿಟ್ಟು ಬಂದೆ. ವಿದ್ಯೆ ಮಾತ್ರ ಜೊತೆಗೇ ಬಂತು.

ನನ್ನ ಹೆಂಡತಿಗೆ ಒಬ್ಬನೇ ತಮ್ಮ. ಶರಾವತಿ ಸಮುದ್ರ ಸೇರುವಲ್ಲಿ, ಮಾವಿನಕುರ್ವೆಯಲ್ಲಿ ಅವನ ಮನೆ. ತಾಯಿ ಬೇಗ ಹೋದದ್ದರಿಂದ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಇವಳೇ. ದೀಪಾವಳಿಯ ಬಿದಿಗೆಯ ದಿನ ಅಕ್ಕ ತಮ್ಮನನ್ನು ಕರೆದು, ಮಣೆ ಹಾಕಿ ಕೂರಿಸಿ, ಆರತಿ ಎತ್ತಿ ಉಣ್ಣಿಸುವ ಪದ್ಧತಿಯೊಂದಿದೆ. ನಮ್ಮಲ್ಲಿ ಎಲ್ಲರ ಮನೆಯಲ್ಲೂ ಇದಿಲ್ಲ. ನನ್ನ ಮಾವನ ಮನೆಗೆ ಅದು ಕೊಂಕಣಿ ನೆರೆಯವರಿಂದ ಬಂದದ್ದು, ನನ್ನ ಮನೆಗೆ ಹೆಂಡತಿಯ ಜೊತೆ ಬಂದದ್ದು. ವರ್ಷದ ಉಳಿದ ಹಬ್ಬಗಳೆಲ್ಲ ಅವಳಿಗೆ ಕೆಲಸ. ಬಿದಿಗೆಯೊಂದೇ ಹಬ್ಬ.

ನಮ್ಮ ನಾಯಿಯನ್ನು ಮರಿಯಾಗಿದ್ದಾಗ ತಂದುಕೊಟ್ಟವನೂ ಈ ಭಾವಮೈದನೇ. ಅವನ ದೋಣಿಯ ಮೂತಿಯ ಮೇಲೆ ಎದೆಯುಬ್ಬಿಸಿ ನಿಲ್ಲುತ್ತಿತ್ತಂತೆ, ಅದಕ್ಕೇ ಕ್ಯಾಪ್ಟನ್ ಎಂದು ಹೆಸರು. ನಮ್ಮ ಮನೆಗೆ ಬಂದ ಮೇಲೂ ಅದಕ್ಕೆ ನೀರೇ ಜೀವ. ದಿನ ಬೆಳಗಾದರೆ ಅಘನಾಶಿನಿಗೆ ಹಾರುವುದು, ಕೊಕ್ಕರೆಗಳನ್ನು ಅಟ್ಟುವುದು, ಬಂದು ನನ್ನ ಒಗೆದ ಪಂಚೆಯ ಪಕ್ಕದಲ್ಲಿಯೇ ನಿಂತು ಮೈ ಕೊಡವುವುದು.

ಇನ್ನು ಆ ನರಕ ಚತುರ್ದಶಿಯ ಬೆಳಗು. ಹಿಂದಿನ ದಿನ ಭಾವಮೈದ ಅಕ್ಕನಿಗೆ ಸೀರೆ ತಂದು, ರಾತ್ರಿ ನಮ್ಮಲ್ಲೇ ಉಳಿದು, ಬೆಳಗಿನ ಜಾವ ಎದ್ದು ಎಣ್ಣೆಸ್ನಾನ ಮುಗಿಸಿ ಮೊದಲ ಬಸ್ಸಿಗೆ ಹೊರಟುಹೋದ. ಆಮೇಲೆ ನಾನು ಮಿಂದೆ. ಬಟ್ಟಲಲ್ಲಿ ಎಣ್ಣೆ ಉಳಿದಿತ್ತು, ಹಂಡೆಯಲ್ಲಿ ನೀರು ಉಳಿದಿತ್ತು, ನನ್ನಲ್ಲಿ ಉತ್ಸಾಹ ಉಳಿದಿತ್ತು. ಆ ದಿನ ಮನೆಯಲ್ಲಿ ಯಾರೂ ಎಣ್ಣೆ ಹಚ್ಚಿಕೊಳ್ಳದೆ ಇರಬಾರದು ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ನಾಯಿಯೂ ಮನೆಯವನೇ ಅಲ್ಲವೇ? ಕ್ಯಾಪ್ಟನ್ನನನ್ನು ಕರೆದು ಕಿವಿಯಿಂದ ಬಾಲದವರೆಗೆ ಎಣ್ಣೆ ತಿಕ್ಕಿದೆ. ಅದಕ್ಕೂ ಸುಖವಾಗಿರಬೇಕು, ಕಣ್ಣು ಮುಚ್ಚಿ ನಿಂತಿತು. ನಂತರ ಸೀಗೆಪುಡಿ ಹಾಕಿದೆ. ಕಣ್ಣು ತೆರೆಯಿತು. ಸೀಗೆ ಕಣ್ಣಿಗಿಳಿದು ಅದು ಕುಂಯ್ ಎನ್ನುವುದಕ್ಕೂ, ತೊಳೆಯಲೆಂದು ನಾನು ತಲೆಯ ಮೇಲೆ ಚೊಂಬು ಬಿಸಿನೀರು ಸುರಿಯುವುದಕ್ಕೂ, ಪಕ್ಕದ ಮನೆಯವರು ಪಟಾಕಿ ಸರ ಹಚ್ಚುವುದಕ್ಕೂ ಸರಿಹೋಯಿತು.

ಕ್ಯಾಪ್ಟನ್ ನನ್ನನ್ನು ಬೀಳಿಸಿ, ರಂಗೋಲಿ ತುಳಿದು, ಜಗಲಿ ದಾಟಿ ಒಳಗೆ ಓಡಿತು. ಓಡಿದ್ದು ಎಲ್ಲಿಗೆ? ದೇವರ ಮುಂದೆ. ಅಲ್ಲಿ ಮಣೆಯ ಮೇಲೆ ಅರಿಶಿನ ಕುಂಕುಮ ಹಚ್ಚಿ ಇಟ್ಟ, ತಮ್ಮ ತಂದ ಹೊಸ ಸೀರೆಯ ಮೇಲೆ ಕೂತು ನಡುಗತೊಡಗಿತು. ನನ್ನ ಹೆಂಡತಿ ಅಡುಗೆಮನೆಯಿಂದ ಬಂದು ನೋಡಿದಳು. ಸೀರೆಯ ಸೆರಗಿನ ತುಂಬ ಎಣ್ಣೆ ಪಾದ.

"ಯಾರು ಇದ್ಕೆ ಎಣ್ಣೆ ಹಚ್ಚಿ ನೀರು ಹೊಯ್ದದ್ದು?"

"ನಿನ್ನ ತಮ್ಮ" ಎಂದೆ. ಎಷ್ಟು ಸಲೀಸಾಗಿ ಬಂತೆಂದರೆ, ಬಣ್ಣ ಹೋಗೂದಿಲ್ಲ ಎಂದ ಹಾಗೇ ಬಂತು. "ಹೊರಡೂ ಗಡಿಬಿಡಿಯಲ್ಲಿ ಎಂತದೋ ತಮಾಷೆ ಮಾಡಿ ಹೋದ." ಬೆಳಗಿನಿಂದ ಒಲೆಯ ಮುಂದಿದ್ದವಳಿಗೆ ತಮ್ಮ ಹೊರಟು ಎಷ್ಟು ಹೊತ್ತಾಯಿತೆಂಬ ಲೆಕ್ಕವಿರಲಿಲ್ಲ.

ಅವಳು ಕೂಡಲೇ ಫೋನು ಹಚ್ಚಿದಳು. ಬಸ್ಸಿನ ಗದ್ದಲದಲ್ಲಿ ಅವನು ಕೂಗುತ್ತಿದ್ದುದು ನನಗೂ ಕೇಳಿಸುತ್ತಿತ್ತು.

"ನಾನಾ? ಎಂತದೇ ಅಕ್ಕಾ! ನಾಯಿಗೆ ಯಾರಾದ್ರೂ ಎಣ್ಣೆ ಹಚ್ತಾರಾ?"

"ಸುಳ್ಳು ಹೇಳಬ್ಯಾಡ. ಸಣ್ಣಿರುವಾಗ ಬೆಕ್ಕಿನ ಬಾಲಕ್ಕೆ ಪಟಾಕಿ ಕಟ್ಟಿದವ ನೀನು."

"ಅದು ಸಣ್ಣಿರುವಾಗ!"

"ಆಗ್ಲೂ ಹಿಂಗೇ ನಾನಲ್ಲ, ನಾನಲ್ಲ ಅಂದೇಳಿ ಕೂಗಿದ್ದೆ. ಸೀರೆ ಹೋದ್ರೆ ಹೋಗ್ಲಿ. ಒಪ್ಪಿಕೊಳ್ಳೂಕಾಗೂದಿಲ್ಲವಾ ನಿಂಗೆ?"

ಪಾಪದವನು. ಮಾಡಿದ ಹಳೆಯ ತಪ್ಪೇ ಮಾಡದ ಹೊಸ ತಪ್ಪಿಗೆ ಸಾಕ್ಷಿ ಹೇಳಿತು. ಅತ್ತ ಕ್ಯಾಪ್ಟನ್ನಿಗೆ ನೀರೇ ಯಮನಾಗಿಬಿಟ್ಟಿತ್ತು. ಮರುದಿನದಿಂದ ಹೊಳೆಯ ಕಡೆ ಮುಖ ಹಾಕಲಿಲ್ಲ. ಕುಡಿಯುವ ನೀರನ್ನೂ ದೂರ ನಿಂತು ಕತ್ತು ಉದ್ದ ಮಾಡಿ, ಸಾಲ ಕೇಳುವವನ ಹಾಗೆ ನೆಕ್ಕುತ್ತಿತ್ತು. ಅದನ್ನು ನೋಡಿ ನೋಡಿ ಇವಳು ತೀರ್ಪು ಕೊಟ್ಟಳು: "ಈ ನಾಯಿ ಮೊದಲಿನ ಹಾಂಗೆ ಹೊಳಿಗೆ ಇಳೂವರೆಗೆ ಅಂವ ಬಿದಿಗೆ ಊಟಕ್ಕೆ ನನ್ನ ಮನೆಗೆ ಬರೂದೇ ಬ್ಯಾಡ."

ಆ ವರ್ಷದ ಬಿದಿಗೆಗೆ ತಮ್ಮ ಬರಲಿಲ್ಲ. ಆದರೂ ಇವಳು ಅಡುಗೆ ಮಾಡಿದಳು. ಅವನಿಗೆ ಇಷ್ಟವೆಂದು ಹೋಳಿಗೆ, ಕಾಯಿಹಾಲು. ಮಣೆ ಹಾಕಿ, ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ನಿಂತು, ಸೆರಗಿನಿಂದ ಮುಖ ಒರೆಸಿಕೊಂಡು, "ನೀವೇ ಕೂತ್ಕಳ್ಳಿ" ಎಂದಳು. ಆ ಊಟ ನನ್ನ ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತದೆ. ನಿಜ ಹೇಳುತ್ತೇನೆ, ಎರಡನೆಯ ಸಲ ಬಡಿಸಿಕೊಂಡೆ. ಇಳಿಯದೆ ಉಳಿದದ್ದು ಊಟವಲ್ಲ, ಅವಳು ಮುಖ ಒರೆಸಿಕೊಂಡದ್ದು.

ಅಂದೇ ನಿಶ್ಚಯಿಸಿದೆ. ನಿಜ ಹೇಳುವುದು ಕಷ್ಟ. ನಾಯಿಯನ್ನು ನೀರಿಗಿಳಿಸುವುದು ಅದಕ್ಕಿಂತ ಸುಲಭ. ಹಾಗೆಂದುಕೊಂಡದ್ದು ನನ್ನ ಎರಡನೆಯ ತಪ್ಪು. ಮೊದಲು ಪರಾತವೆಂಬ ಅಗಲ ತಟ್ಟೆಯಲ್ಲಿ ಬೆರಳು ಮುಳುಗುವಷ್ಟು ನೀರು ಹಾಕಿ ನಡುವೆ ಕಲ್ಲಿಟ್ಟು ಅದರ ಮೇಲೆ ಒಣಮೀನಿಟ್ಟೆ. ಕ್ಯಾಪ್ಟನ್ ಪರಾತದ ಸುತ್ತ ಪ್ರದಕ್ಷಿಣೆ ಹಾಕಿತು, ಅಂಚು ಕಚ್ಚಿ ಪರಾತವನ್ನೇ ಮಗುಚಿತು, ನೀರು ಹರಿದುಹೋಗುವವರೆಗೆ ಕಾದು ಮೀನು ತಿಂದಿತು. ಮಳೆಗಾಲದಲ್ಲಂತೂ ಜಗಲಿ ಬಿಟ್ಟು ಇಳಿಯದೆ, ನಾನೇ ಕೊಡೆ ಹಿಡಿದು ಅದನ್ನು ಹೊರಗೆ ಕರೆದೊಯ್ಯಬೇಕಾಯಿತು. ನಾನು ನೆನೆದೆ, ಅದು ನೆನೆಯಲಿಲ್ಲ.

ಮೊಬೈಲಿನಲ್ಲಿ ಒಬ್ಬ ಮಹಾಶಯ ಹೇಳಿದ: ನಾಯಿ ತನ್ನ ಯಜಮಾನನನ್ನು ನೋಡಿ ಕಲಿಯುತ್ತದೆ, ಮೊದಲು ನೀವು ಧೈರ್ಯವಾಗಿ ನೀರಿಗಿಳಿಯಿರಿ. ಇಲ್ಲಿ ಇನ್ನೊಂದು ವಿಷಯ ಒಪ್ಪಿಕೊಳ್ಳಬೇಕು. ಹೊಳೆದಡದಲ್ಲಿ ಹುಟ್ಟಿದರೂ ನನಗೆ ಈಜು ಬಾರದು. ಬಟ್ಟೆ ಅಳೆಯುವುದಕ್ಕೆ ಅದು ಬೇಕಾಗಿರಲಿಲ್ಲ. ನೀರು ಇಳಿದ ಹೊತ್ತು ನೋಡಿ ಪಂಚೆ ಎತ್ತಿ ಕಟ್ಟಿ ಪಾದ ಮುಳುಗುವಲ್ಲಿಗೆ ಹೋಗಿ ನಿಂತೆ. ಮುಖದಲ್ಲಿ ಧೈರ್ಯ ತಂದುಕೊಂಡು "ಬಾ ಕ್ಯಾಪ್ಟನ್, ಎಂತದೂ ಇಲ್ಲ" ಎಂದೆ. ಕ್ಯಾಪ್ಟನ್ ನನ್ನ ಕಾಲು ನೋಡಲಿಲ್ಲ, ಮುಖ ನೋಡಿತು, ತಿರುಗಿ ಮನೆಗೆ ನಡೆಯಿತು. ಗಿರಾಕಿಗಳಿಗೆ ಹೇಳಿದಷ್ಟು ಸುಲಭವಾಗಿ ನಾಯಿಗಳಿಗೆ ಸುಳ್ಳು ಹೇಳಲಾಗದು. ಕೆಸರಿನಲ್ಲಿ ಬಳಚು ಆರಿಸುತ್ತಿದ್ದ ಹೆಂಗಸರು ಚಿಪ್ಪಿನ ಬುಟ್ಟಿ ಕೆಳಗಿಟ್ಟು ನಕ್ಕರು.

"ಮಾವಾ, ಯಾರು ಯಾರ್ಗೆ ಕಲ್ಸೂದು?" ಎಂದಳು ಒಬ್ಬಳು.

"ನಾಯಿ ಪಾಸಾತು ಕಾಣು, ಮಾವ ಅಲ್ಲೇ ನಿಂತ್ರು" ಎಂದಳು ಇನ್ನೊಬ್ಬಳು.

ಗಣೇಶ ಚೌತಿ ಮುಗಿಯಿತು, ನವರಾತ್ರಿಯೂ ಬಂತು. ಇವಳು ಒಂದು ದಿನ ತೆಂಗಿನಕಾಯಿ ತುರಿಯುತ್ತ, "ಈ ವರ್ಷವೂ ಅಂವ ಇಲ್ಲ" ಎಂದು ತನ್ನಷ್ಟಕ್ಕೇ ಹೇಳಿಕೊಂಡಳು. ನನಗೆ ತಡೆಯಲಾಗಲಿಲ್ಲ. ಹೊನ್ನಾವರದಲ್ಲಿ ಒಬ್ಬರು ಒಳ್ಳೆಯ ನಾಯಿ ಡಾಕ್ಟರು ಇದ್ದಾರೆಂದು ಹೇಳಿ, ಅಂದರೆ ಮೊದಲಿನ ಸುಳ್ಳಿಗೆ ಇನ್ನೊಂದು ಸುಳ್ಳಿನ ಅಸ್ತರು ಹೊಲಿದು, ಸಾಮಾನಿನ ರಿಕ್ಷಾದಲ್ಲಿ ಕ್ಯಾಪ್ಟನ್ನನನ್ನು ಹತ್ತಿಸಿಕೊಂಡು ಶರಾವತಿಯ ದಡಕ್ಕೆ ಹೋದೆ. ಹಳೆಯ ದೋಣಿ ಕಂಡರಾದರೂ ನಾಯಿ ನೀರಿಗಿಳಿದೀತೆಂದು ನಾನು ಬರಹೇಳಿದ್ದ ಭಾವಮೈದ ದೋಣಿ ತಂದು ದಡದಿಂದ ಸ್ವಲ್ಪ ಆಚೆ ನಿಲ್ಲಿಸಿದ. ನಾಯಿ ಮರಳಿನ ಮೇಲೆ ಕಲ್ಲಾಗಿ ಕೂತಿತು. ನಾನು ನೀರಲ್ಲಿ ನಾಲ್ಕು ಹೆಜ್ಜೆ ಇಟ್ಟು ದೋಣಿಯ ಅಂಚು ಹಿಡಿದುಕೊಂಡೆ.

"ಭಾವ, ಎಂತ ಆತು? ಮುಖ ಯಾಕೆ ಹಿಂಗೆ?"

"ಆ ಎಣ್ಣೆ ಹಚ್ಚಿದ್ದು ನಾನು ಮಾರಾಯ."

ಅವನು ಸಿಟ್ಟಾಗಿದ್ದರೆ ತಾಳಿಕೊಳ್ಳುತ್ತಿದ್ದೆ. ಅವನು ನಕ್ಕ. ಹೊಟ್ಟೆ ಹಿಡಿದು, ದೋಣಿ ಎರಡೂ ಕಡೆ ಹೊಯ್ದಾಡುವಂತೆ ನಕ್ಕ. "ನಾಯಿಗೆ ಸೀಗೆಪುಡಿ! ಭಾವ, ಸೀಗೆಪುಡಿ!" ದೋಣಿಯ ಅಂಚು ನನ್ನ ಕೈಯಿಂದ ಜಾರಿತು, ಕಾಲಡಿಯ ಮರಳೂ ಜಾರಿತು. ನಾನು ಮುಳುಗಿದೆ. ಮೇಲೆ ಬಂದು "ಸತ್ತೆನೋ!" ಎಂದು ಕೂಗಿದೆ. ಆಗ ದಡದ ಮೇಲೆ ಕ್ಯಾಪ್ಟನ್ ಎದ್ದು ನಿಂತಿತು, ಒಂದು ಸಲ ಬೊಗಳಿತು, ನೀರಿಗೆ ಹಾರಿತು. ನನ್ನ ಕಡೆಗೇ ಈಜುತ್ತ ಬಂತು. ಕೃತಜ್ಞತೆಯಿಂದ ಕೈ ಚಾಚಿದೆ. ಅದು ನನ್ನ ಹೆಗಲ ಮೇಲೆ ಕಾಲಿಟ್ಟು, ನನ್ನನ್ನು ಇನ್ನೊಮ್ಮೆ ಮುಳುಗಿಸಿ, ದೋಣಿ ಹತ್ತಿ, ಮೂತಿಯ ಮೇಲೆ ಎದೆಯುಬ್ಬಿಸಿ ನಿಂತಿತು.

"ಭಾವ, ಎದ್ದು ನಿಂತ್ಕಳ್ಳಿ" ಎಂದ ಭಾವಮೈದ ಕಣ್ಣೊರೆಸಿಕೊಳ್ಳುತ್ತ. "ಸೊಂಟದವರೆಗೂ ನೀರಿಲ್ಲ."

ಎದ್ದು ನಿಂತು, ನೀರಿಳಿಯುವ ಮುಖದಲ್ಲಿಯೇ ಅವನ ಕ್ಷಮೆ ಕೇಳಿದೆ. ಇವತ್ತೇ ಹೋಗಿ ನಿನ್ನಕ್ಕನಿಗೂ ಹೇಳಿಬಿಡುತ್ತೇನೆ ಎಂದೆ. ಅವನು ಗಾಬರಿಯಾದ.

"ಬ್ಯಾಡ ಭಾವ, ಬ್ಯಾಡವೇ ಬ್ಯಾಡ. ಈಗ ನಾಯಿ ನೀರಿಗಿಳೀತಲ್ಲ, ಅಕ್ಕ ನನ್ನ ಕ್ಷಮಿಸ್ತದೆ. ಸುಮ್ನೆ ಕರೆದು ಉಣ್ಸೂದು ಬೇರೆ, ಕ್ಷಮ್ಸಿ ಉಣ್ಸೂದು ಬೇರೆ. ಹೋಳಿಗೆ ಮೇಲೆ ತುಪ್ಪ ಎಷ್ಟು ಬೀಳ್ತದೆ ನೋಡಿ!"

ಹಾಗೆಯೇ ಆಯಿತು. ಕ್ಯಾಪ್ಟನ್ ಅಘನಾಶಿನಿಗೆ ಹಾರಿದ್ದನ್ನು ಇವಳು ಕಣ್ಣಾರೆ ನೋಡಿ, ಅಲ್ಲಿಂದಲೇ ಫೋನು ಮಾಡಿ ಅತ್ತಳು. ಬಿದಿಗೆಯ ದಿನ ತಮ್ಮ ಮಣೆಯ ಮೇಲೆ ಕೂತ. ಇವಳು ಆರತಿ ಎತ್ತಿ, "ತಪ್ಪು ಎಲ್ಲರೂ ಮಾಡ್ತಾರೆ ತಮ್ಮ, ಒಪ್ಪಿಕೊಳ್ಳೂ ಮನಸ್ಸು ಬೇಕು" ಎಂದಳು. ಅವನು ತಲೆ ತಗ್ಗಿಸಿ "ಹೌದಕ್ಕ, ತಪ್ಪಾತು" ಎಂದು, ಮೂರನೆಯ ಹೋಳಿಗೆಗೆ ಎಲೆ ತೋರಿಸಿದ. "ನೋಡಿ, ಹಿಂಗಿರಬೇಕು ಮನುಷ್ಯ" ಎಂದು ಇವಳು ನನಗೆ ಹೇಳಿದಳು. ನಾನು ತುಪ್ಪದ ಗಿಂಡಿ ಹಿಡಿದು ನಿಂತಿದ್ದೆ, ಬಡಿಸಿದೆ.

ಅಲ್ಲಿಗೆ ಎಲ್ಲರಿಗೂ ಸುಖವೇ. ತಮ್ಮನಿಗೆ ತುಪ್ಪ, ನಾಯಿಗೆ ಹೊಳೆ. ಆದರೆ ಮಾಡದ ತಪ್ಪನ್ನು ಅಷ್ಟು ದೊಡ್ಡ ಮನಸ್ಸಿನಿಂದ ಕ್ಷಮಿಸಿದವಳ ಹತ್ತಿರ ಮಾಡಿದ ತಪ್ಪನ್ನು ನಾನು ಇನ್ನೂ ಹೇಳಿಲ್ಲ. ಕಣ್ಣಿನ ಪೊರೆ ತೆಗೆಸಿದ ಮೇಲೆ ಅಚ್ಚಿನ ಸಣ್ಣಕ್ಷರ ನನಗೆ ಹಿಡಿಯುವುದಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಪತ್ರಿಕೆಯನ್ನು ಅವಳೇ ಗಟ್ಟಿಯಾಗಿ ಓದುತ್ತಾಳೆ, ನಾನು ಚಾಪೆಯ ಮೇಲೆ ಕಣ್ಣು ಮುಚ್ಚಿ ಕೇಳುತ್ತೇನೆ. ಎದುರು ನಿಂತು ಹೇಳುವ ಧೈರ್ಯವಿಲ್ಲದವನು ಇದನ್ನು ಆ ಪತ್ರಿಕೆಗೇ ಬರೆದು ಕಳಿಸಿ, ಅವಳ ಬಾಯಿಂದಲೇ ಅವಳಿಗೆ ಹೇಳಿಸುವ ಉಪಾಯ ಹೂಡಿದ್ದಾನೆ. ಇಷ್ಟು ಹೊತ್ತಿಗೆ ಅವಳು ಓದು ನಿಲ್ಲಿಸಿ ಕನ್ನಡಕದ ಮೇಲಿಂದ ನನ್ನನ್ನೇ ನೋಡುತ್ತಿರಬೇಕು. ನಾನು ಗೊರಕೆ ಹೊಡೆಯುತ್ತಿರುತ್ತೇನೆ. ಅದು ಸುಳ್ಳು ಗೊರಕೆ. ಮದುವೆಯಾದಂದಿನಿಂದ 'ಹೋಯ್' ಎಂದು ಕರೆದೇ ಸಂಸಾರ ಮಾಡಿದವನು, ಒಂದು ದಿನವೂ ಹೆಸರು ಹಿಡಿದು ಕರೆದದ್ದಿಲ್ಲ. ತಪ್ಪು ನನ್ನದು, ಸುಭದ್ರಾ.