ಎಣ್ಣೆ ಒರೆಸಿದ ಹಲಗೆ

ಮೂವತ್ತು ವರ್ಷ ಪತ್ರಿಕೆಯಲ್ಲಿ ದುಡಿದ ನನಗೆ ಒಂದು ಕೆಟ್ಟ ಅಭ್ಯಾಸವಿದೆ. ಯಾವುದನ್ನೇ ಆಗಲಿ ಮೊದಲು ಓದುತ್ತೇನೆ, ಆಮೇಲೆ ಮಾಡುತ್ತೇನೆ. ಈಜನ್ನೂ ಹೀಗೇ ಕಲಿಯಹೊರಟೆ. ಇವತ್ತಿಗೂ ಈಜಿನ ಬಗ್ಗೆ ಚೆನ್ನಾಗಿ ಮಾತಾಡಬಲ್ಲೆ. ಬೌಲಿಂಗೂ ಹಾಗೇ ಶುರುವಾಯಿತು. ಕ್ರಿಕೆಟ್ಟಿನದಲ್ಲ, ಉದ್ದನೆಯ ಹಲಗೆಯ ಹಾದಿಯಲ್ಲಿ ಭಾರದ ಚೆಂಡು ಉರುಳಿಸಿ ಹತ್ತು ಪಿನ್ನು ಬೀಳಿಸುವ ಆಟ. ಯಲ್ಲಾಪುರ ರಸ್ತೆಯಲ್ಲಿ ಹೋಂಸ್ಟೇ ನಡೆಸುವ ಗೆಳೆಯ ಸುಬ್ರಾಯ, ಹಳೆಯ ಗೋದಾಮಿನಲ್ಲಿ ಇಂಥದೊಂದು ಹಾದಿ ಹಾಕಿಸಿದ್ದ.

ಆ ಹಲಗೆಗೆ ತೆಳ್ಳಗೆ ಎಣ್ಣೆ ಹಚ್ಚಿರುತ್ತಾರೆ. ಎಣ್ಣೆ ದಟ್ಟವಾಗಿದ್ದರೆ ಚೆಂಡು ತಿರುಗದೆ ಜಾರಿ ಹೋಗುತ್ತದೆ. ಆಗ ಬೆರಳು ಚೆಂಡಿನ ಬಗಲಿಗಿರಬೇಕು; ಬಿಡುವಾಗ ಯಾರದೋ ಕೈಕುಲುಕುವಂತೆ ಮಣಿಕಟ್ಟು ತಿರುವಬೇಕು. ಎಣ್ಣೆ ಕಡಿಮೆಯಿದ್ದರೆ ತಿರುವುವ ಹಾಗಿಲ್ಲ, ತಿರುವಿದರೆ ಚೆಂಡು ಬೇಗನೆ ಹೊರಳಿ ಹಾದಿ ಬಿಡುತ್ತದೆ. ಅಂಗೈ ಚೆಂಡಿನ ಹಿಂದಿರಬೇಕು, ನೆಟ್ಟಗೆ ಬಿಡಬೇಕು. ಸುಬ್ರಾಯ ಯಾವುದಕ್ಕೂ ಕೈ ಹಿಡಿದು ಖರ್ಚು ಮಾಡುವವನಲ್ಲ, ಎಣ್ಣೆಯನ್ನೂ ಧಾರಾಳವಾಗಿಯೇ ಹಚ್ಚಿಸುತ್ತಿದ್ದ. ಹಾಗಾಗಿ ನಾನು ಎರಡು ತಿಂಗಳು ಮಣಿಕಟ್ಟು ತಿರುವುವುದನ್ನೇ ಕಲಿತೆ. ಚಹಾದ ಲೋಟ ಎತ್ತುವಾಗಲೂ ತಿರುವಿ, ಹೆಂಡತಿಯಿಂದ ಬೈಸಿಕೊಂಡೆ.

ಇಷ್ಟೆಲ್ಲ ಏಕೆಂದರೆ, ಹುಬ್ಬಳ್ಳಿಯಲ್ಲಿ ಪತ್ರಕರ್ತರ ಪಂದ್ಯವಿತ್ತು. ನಮ್ಮ ತಂಡದಲ್ಲಿ ಉಳಿದದ್ದು ಒಂದು ಜಾಗ. ಅದು ನನಗೋ, ನಂದೊಳ್ಳಿಯ ಫೋಟೋಗ್ರಾಫರ್ ಮಂಜುನಾಥನಿಗೋ ಎಂಬುದು ಭಾನುವಾರ ಸುಬ್ರಾಯನ ಗೋದಾಮಿನಲ್ಲಿ ತೀರ್ಮಾನವಾಗಬೇಕಿತ್ತು. ವಾಲಿಬಾಲಿನಿಂದ ಕಬಡ್ಡಿಯವರೆಗೆ ಸಾವಿರಾರು ಆಟಗಾರರ ಹೆಸರನ್ನು ತಪ್ಪಿಲ್ಲದೆ ಅಚ್ಚಿಗೆ ಕಳಿಸಿದವನು ನಾನು. ತಂಡದ ಪಟ್ಟಿಯಲ್ಲಿ ನನ್ನ ಹೆಸರು ಒಮ್ಮೆಯೂ ಬಂದಿರಲಿಲ್ಲ. ಅದು ಬರಬೇಕೆಂಬ ಆಸೆ, ಹೇಳಿಕೊಳ್ಳಲು ನಾಚಿಕೆಯಾಗುವಷ್ಟು ಬಲವಾಗಿತ್ತು.

ಮೊದಲ ಚೆಂಡನ್ನು ಕಲಿತಂತೆಯೇ ತಿರುವಿ ಬಿಟ್ಟೆ. ಅದು ಅರ್ಧ ದಾರಿಯಲ್ಲೇ ಎಡಕ್ಕೆ ಹೊರಳಿ, ಹಲಗೆಯ ಬದಿಯ ಕಾಲುವೆಗೆ ಬಿತ್ತು. ಎರಡನೆಯದೂ ಅಲ್ಲಿಗೇ. ಬಚ್ಚಲ ನೀರು ಎರಚುವ ಹಾಗೆ ನೆಟ್ಟಗೆ ಚೆಂಡು ಬಿಡುವ ಮಂಜುನಾಥ ಏಳು ಪಿನ್ನು ಬೀಳಿಸಿ ತಿರುಗಿದ.

“ಎಂತ ಸರ್, ಊರಿನ ಚರಂಡಿ ಬಗ್ಗೆ ಬರ್ದೂ ಬರ್ದೂ ಚೆಂಡನ್ನೂ ಅಲ್ಲಿಗೇ ಕಳಸ್ತ್ರಲ್ಲ?”

ನಾನು ಮೊದಲು ಭುಜವನ್ನು ಅನುಮಾನಿಸಿದೆ, ಆಮೇಲೆ ಬೂಟನ್ನು, ಆಮೇಲೆ ಚೆಂಡನ್ನು. ಮೂರು ಚೆಂಡು ಬದಲಿಸಿದೆ. ಬಗ್ಗಿ ಹಲಗೆ ಮುಟ್ಟಿ ನೋಡಬೇಕೆಂದು ಹೊಳೆಯಲೇ ಇಲ್ಲ. ಸ್ಥಳಕ್ಕೆ ಹೋಗದೆ ಸುದ್ದಿ ಬರೆಯಬೇಡಿ ಎಂದು ಹೊಸಬರಿಗೆ ಹೇಳುವವನು ನಾನೇ. ಆಟ ಮುಗಿದಾಗ ಮಂಜುನಾಥ ನನ್ನ ಎರಡರಷ್ಟು ಅಂಕ ಪಡೆದಿದ್ದ.

ಸುಬ್ರಾಯನಿಗೂ ಅನುಮಾನ ಬಂತು. ಹಲಗೆ ಸವರಿ ಬೆರಳು ಮೂಸಿ, ನನ್ನ ಕಿವಿಯಲ್ಲಿ, “ಎಣ್ಣೆನೇ ಇಲ್ಲೆ ಮಾರಾಯ. ಅಂಟುವಾಳದ ವಾಸನೆ” ಎಂದ. ಅಷ್ಟರಲ್ಲಿ ತ್ಯಾಗಲಿಯಿಂದ ಬಂದಿದ್ದ ಅವನ ಸೋದರತ್ತೆ ಗಂಗತ್ತೆ ಮಜ್ಜಿಗೆ ತಂದರು. ಎಪ್ಪತ್ತು ದಾಟಿದವರು.

“ನೆಲ ಚೊಲೋ ಆಜನಾ ತಮಾ? ಯಾರೋ ಎಣ್ಣೆ ಚೆಲ್ಲಿ ಹಾಂಗೇ ಬಿಟ್ಟಿಕ್ಕಿದ್ದ. ನಿಂಗ ಬತ್ರಿ ಹೇಳಿ ಬೆಳಗಿಂದ ಕೂತು ತಿಕ್ಕಿದ್ದಿ. ಜಾರಿ ಬಿದ್ರೆ ಎಂತ ಮಾಡ್ತೆ?”

ನೆಲಕ್ಕೆ ಎಣ್ಣೆ ಬಿದ್ದರೆ ಅಂಟುವಾಳದ ನೊರೆಯಲ್ಲಿ ತಿಕ್ಕುವುದನ್ನು ನಮ್ಮ ಕಡೆಯ ಯಾವ ಹೆಂಗಸಿಗೂ ಯಾರೂ ಹೇಳಿಕೊಡಬೇಕಾಗಿಲ್ಲ. ಅಷ್ಟುದ್ದದ ಹಲಗೆಯನ್ನು ಅವರು ಒಬ್ಬರೇ ತಿಕ್ಕಿದ್ದರು. ಅಂಗೈ ಇನ್ನೂ ಸುಕ್ಕುಗಟ್ಟಿತ್ತು.

ಸುಬ್ರಾಯ ನನ್ನನ್ನು ನೋಡಿದ. ಮಂಜುನಾಥನೂ, “ಬೇಕಾರೆ ಇನ್ನೊಂದ್ ಸಲ ಆಡುವಾ ಸರ್” ಎಂದ. ಎಣ್ಣೆ ಒರೆಸಿದ್ದರಿಂದ ಆಟ ಕೆಟ್ಟಿತು ಎಂದು ನಾನು ಬಾಯಿಬಿಟ್ಟರೆ ಸಾಕಿತ್ತು. ಅದು ಪೂರ್ತಿ ನಿಜವೂ ಆಗಿತ್ತು. ಗಂಗತ್ತೆ ಉತ್ತರಕ್ಕೆ ಕಾಯುತ್ತಿದ್ದರು.

“ಭಾರೀ ಚೊಲೋ ಆಜು ಗಂಗತ್ತೆ. ಒಂದು ಸಲನೂ ಜಾರಿದ್ನಿಲ್ಲೆ” ಎಂದೆ.

ಮಂಜುನಾಥ ಹುಬ್ಬಳ್ಳಿಗೆ ಹೋದ. ಪಂದ್ಯದ ವರದಿ ಬರೆಯುವ ಕೆಲಸ ಎಂದಿನಂತೆ ನನ್ನ ಪಾಲಿಗೆ ಬಂತು. ಹೆಸರುಗಳಲ್ಲಿ ಒಂದೂ ತಪ್ಪಿರಲಿಲ್ಲ. ಗಂಗತ್ತೆಯೋ ನನ್ನ ಮಾತಿಗೆ ಹಿಗ್ಗಿ, ಸುಬ್ರಾಯನ ಮನೆಯಲ್ಲೇ ಉಳಿದುಕೊಂಡು, ಪ್ರತಿ ಭಾನುವಾರ ನಾನು ಬರುವ ಮೊದಲೇ ಹಲಗೆ ತಿಕ್ಕಿಡುತ್ತಿದ್ದಾರೆ. ಅಂಗೈ ಹಿಂದಿಟ್ಟು ನೆಟ್ಟಗೆ ಬಿಡುವುದು ಹೇಗೆಂದು ನಾನು ಸದ್ಯ ಓದುತ್ತಿದ್ದೇನೆ.